ಮೋಟಾರು ಎತ್ತಿಸುವ ಮೊದಲು ಪೈಪು ನೋಡಿ

ತುರುವೇಕೆರೆ ಕಡೆಯ ಓದುಗರೊಬ್ಬರ ಪ್ರಶ್ನೆ ಇದು: "ನನ್ನದು ಡೀಸೆಲ್ ಪಿಕಪ್. ಕೊಬ್ಬರಿ ಲೋಡು ಹಾಕಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೊರಟರೆ ನೊಣವಿನಕೆರೆ ದಾಟುವ ಹೊತ್ತಿಗೆ ಗಾಡಿ ಎಳೆಯುವುದಿಲ್ಲ, ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಖಾಲಿ ಬರುವಾಗ ಏನೂ ತೊಂದರೆಯಿಲ್ಲ. ಸ್ಕ್ಯಾನರ್ ಹಾಕಿ ನೋಡಿದವರು ರೈಲ್ ಪ್ರೆಶರ್ ಕಡಿಮೆಯಿದೆ, ಪಂಪು ಹೋಗಿದೆ ಅಂದರು. ಪಂಪಿನ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಬದಲಿಸಲೇಬೇಕೆ?"

ಅವಸರ ಬೇಡ. ತೋಟದ ಕೊನೆಯ ಸಾಲಿನ ತೆಂಗಿನ ಬುಡಕ್ಕೆ ಡ್ರಿಪ್ ನೀರು ಬೀಳದಿದ್ದಾಗ ನೀವು ಏನು ಮಾಡುತ್ತೀರಿ? ಕೂಡಲೇ ಕೊಳವೆಬಾವಿಯಿಂದ ಮೋಟಾರು ಎತ್ತಿಸುತ್ತೀರಾ? ಇಲ್ಲ. ಮೊದಲು ಫಿಲ್ಟರಿನ ಜಾಲರಿ ಬಿಚ್ಚಿ ತೊಳೆಯುತ್ತೀರಿ. ಪೈಪಿನ ಉದ್ದಕ್ಕೂ ನಡೆದು ಎಲ್ಲಿ ಮಣ್ಣು ಒದ್ದೆಯಾಗಿದೆ ನೋಡುತ್ತೀರಿ. ಇಲಿ ಕಡಿದ ಲ್ಯಾಟರಲ್, ಕಳಚಿಬಿದ್ದ ಎಂಡ್ ಕ್ಯಾಪ್, ಪೂರ್ತಿ ಮುಚ್ಚದ ಗೇಟ್‌ವಾಲ್ವ್ ಒಂದೊಂದನ್ನೂ ತಳ್ಳಿಹಾಕಿದ ಮೇಲೆ, ಬೇರೆ ದಾರಿಯೇ ಇಲ್ಲದಾಗ, ಮೋಟಾರಿನ ಮಾತು. ನಿಮ್ಮ ಪಿಕಪ್ಪಿಗೂ ಇದೇ ಕ್ರಮ ಬೇಕು.

ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಟ್ಯಾಂಕೇ ಬಾವಿ. ಡೀಸೆಲ್ ಫಿಲ್ಟರ್ ಡ್ರಿಪ್ಪಿನ ಫಿಲ್ಟರ್. ಎಂಜಿನ್ ತಿರುಗಿಸುವ ಹೈ ಪ್ರೆಶರ್ ಪಂಪು ಮೋಟಾರು. ಎಂಜಿನ್ ತಲೆಯ ಪಕ್ಕದಲ್ಲಿ ಮಲಗಿರುವ ದಪ್ಪ ಉಕ್ಕಿನ ಕೊಳವೆಯೇ ರೈಲ್, ಅದು ಮೇನ್ ಪೈಪು. ಅದರಿಂದ ಕವಲೊಡೆದು ಒಂದೊಂದು ಸಿಲಿಂಡರಿಗೆ ಹೋಗುವ ಇಂಜೆಕ್ಟರ್‌ಗಳು ಡ್ರಿಪ್ಪರ್. ಎಲ್ಲಕ್ಕೂ ಒಂದೇ ಮೇನ್ ಪೈಪು, ಅದರಲ್ಲಿ ಸದಾ ತುಂಬಿ ನಿಂತ ಒತ್ತಡ. 'ಕಾಮನ್ ರೈಲ್' ಎಂಬ ಹೆಸರಿನ ಅರ್ಥ ಇಷ್ಟೇ.

ವ್ಯತ್ಯಾಸವಿರುವುದು ಅಳತೆಯಲ್ಲಿ. ಡ್ರಿಪ್ಪಿಗೆ ಒಂದು ಕೆ.ಜಿ. ಪ್ರೆಶರ್ ಸಾಕು, ಅಂದರೆ ಸುಮಾರು ಒಂದು ಬಾರ್. ಸಾವಿರ ಅಡಿಯಿಂದ ನೀರೆತ್ತುವ ಮೋಟಾರು ಒತ್ತಬೇಕಾದ್ದು ಸುಮಾರು 30 ಬಾರ್. ಪಿಕಪ್ ಸುಮ್ಮನೆ ನಿಂತು ಗುರುಗುಡುವಾಗಲೇ ರೈಲಿನಲ್ಲಿ 300 ಬಾರ್ ಆಸುಪಾಸು ಇರುತ್ತದೆ. ಲೋಡು ಹೊತ್ತು ಏರು ಹತ್ತುವಾಗ 1500 ಬಾರ್ ಮುಟ್ಟಬಹುದು. ಹೆಬ್ಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದೂವರೆ ಟನ್ ಭಾರ! ನಿಮ್ಮ ಗಾಡಿ ಹೊರುವ ಇಡೀ ಕೊಬ್ಬರಿ ಹೊರೆಯನ್ನು ಒಂದು ಉಗುರಿನ ಮೇಲೆ ಇಟ್ಟ ಹಾಗೆ.

ಇಷ್ಟು ಒತ್ತಡ ಯಾಕೆ? ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವವರಿಲ್ಲ. ಅದುಮಿ ಕಾದ ಗಾಳಿಗೆ ಡೀಸೆಲ್ ಚಿಮ್ಮಬೇಕು, ಚಿಮ್ಮಿದ್ದು ಹಬೆಯಾಗಿ ಉರಿಯಬೇಕು. ಇದಕ್ಕಿರುವ ಸಮಯ ಕೆಲವೇ ಮಿಲಿಸೆಕೆಂಡ್. ಪೂರ್ತಿ ಲೋಡಿನಲ್ಲೂ ಒಂದು ಸಲಕ್ಕೆ ಹೋಗುವ ಡೀಸೆಲ್ ಹೆಚ್ಚುಕಡಿಮೆ ಒಂದು ಹನಿ. ಆ ಹನಿ ಹನಿಯಾಗಿಯೇ ಬಿದ್ದರೆ ಅರೆಬೆಂದು ಕಪ್ಪು ಹೊಗೆಯಾಗುತ್ತದೆ. ಮಂಜಿನಂತೆ ಚೂರಾದರೆ ಶಕ್ತಿಯಾಗುತ್ತದೆ. ಚೂರು ಮಾಡುವುದು ಒತ್ತಡ.

ಈ ಮಂಜಿಗಾಗಿ ಎಂಜಿನಿಯರುಗಳು ಒಂದು ಶತಮಾನ ಹೆಣಗಿದ್ದಾರೆ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿದ ರುಡಾಲ್ಫ್ ಡೀಸೆಲ್‌ನ ಎಂಜಿನ್ ಇಂಧನವನ್ನು ಅದುಮಿದ ಗಾಳಿಯಿಂದ ಊದುತ್ತಿತ್ತು. 1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಇಂಧನವನ್ನೇ ಒತ್ತುವ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆ ವಿದ್ಯೆ ನಮ್ಮಲ್ಲಿಗೆ ಬಂದದ್ದು 1951ರಲ್ಲಿ ಹುಟ್ಟಿದ ಮೈಕೋ ಕಂಪನಿಯ ಮೂಲಕ. ಬೆಂಗಳೂರಿನ ಆಡುಗೋಡಿಯ ಮೈಕೋ ಪಂಪು, ನಾಜಲ್‌ಗಳ ಹೆಸರು ಕೇಳದ ಹಳೆಯ ಲಾರಿ ಮೆಕ್ಯಾನಿಕ್ ಇರಲಾರರು. ಆದರೆ ಆ ಪಂಪಿನಲ್ಲಿ ಒತ್ತಡ ಎಂಜಿನ್ನಿನ ವೇಗಕ್ಕೆ ಕಟ್ಟುಬಿದ್ದಿತ್ತು. ಎಂಜಿನ್ ನಿಧಾನವಾದರೆ ಒತ್ತಡವೂ ಕುಸಿಯುತ್ತಿತ್ತು.

ಒತ್ತಡವನ್ನು ಒಂದೇ ಕೊಳವೆಯಲ್ಲಿ ಕೂಡಿಟ್ಟು ಬೇಕಾದಾಗ ಬಿಡುವ ಯೋಚನೆ ಹೊಸದೇನಲ್ಲ. 1910ರ ದಶಕದಲ್ಲೇ ಬ್ರಿಟನ್ನಿನ ವಿಕರ್ಸ್ ಕಂಪನಿ ಜಲಾಂತರ್ಗಾಮಿಗಳ ಎಂಜಿನ್ನಿನಲ್ಲಿ ಅದನ್ನು ಬಳಸಿತ್ತು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರಾಬರ್ಟ್ ಹೂಬರ್ ಅದಕ್ಕೆ ಹೊಸ ರೂಪ ಕೊಟ್ಟರು. ಕೊರತೆಯಿದ್ದದ್ದು ಕಣ್ಣೆವೆ ಇಕ್ಕುವುದರೊಳಗೆ ಹಲವು ಸಲ ತೆರೆದು ಮುಚ್ಚುವ ವಾಲ್ವಿಗೆ, ಅದನ್ನು ಆಳುವ ಕಂಪ್ಯೂಟರಿಗೆ. ಅವೆರಡೂ ಕೂಡಿಬಂದು, 1995ರಲ್ಲಿ ಜಪಾನಿನ ಡೆನ್ಸೋ ಕಂಪನಿಯ ವ್ಯವಸ್ಥೆ ಹಿನೋ ಟ್ರಕ್ಕಿನಲ್ಲಿ ಮಾರುಕಟ್ಟೆಗೆ ಬಂತು. ಫಿಯೆಟ್ ಸಂಶೋಧಕರು ಬೆಳೆಸಿ ಬಾಷ್ ಪೂರ್ತಿಗೊಳಿಸಿದ ವ್ಯವಸ್ಥೆ 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಓಡಿತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ನಮ್ಮ ಡೀಸೆಲ್ ಪಿಕಪ್‌ಗಳಿಗೂ ಇದು ಅನಿವಾರ್ಯವಾಯಿತು.

ಈಗ ನಿಮ್ಮ ಗಾಡಿಗೆ ಬರೋಣ. ರೈಲ್ ಪ್ರೆಶರ್ ಕಡಿಮೆಯಾದಾಗ ಸ್ಕ್ಯಾನರ್ ತೋರಿಸುವ 'ಪಿ 0087' ಕೋಡು ಹೇಳುವುದು ಒಂದೇ ಮಾತು: ಕಂಪ್ಯೂಟರ್ ಕೇಳಿದಷ್ಟು ಒತ್ತಡ ರೈಲಿನಲ್ಲಿ ಸಿಗಲಿಲ್ಲ. ಅದು ಜ್ವರದ ಹಾಗೆ. ರೋಗದ ಹೆಸರು ಅದರಲ್ಲಿಲ್ಲ. ಸ್ಕ್ಯಾನರ್ ಎಲ್ಲ ಹೇಳಿಬಿಡುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ಒಳ್ಳೆಯ ಪಂಪುಗಳು ಗುಜರಿ ಸೇರಿವೆ.

ಖಾಲಿ ಗಾಡಿ ಸರಿ, ಲೋಡಿಗೆ ಮಾತ್ರ ಸೋಲು ಎಂದಿರಲ್ಲ, ಅದೇ ದೊಡ್ಡ ಸುಳಿವು. ತೋಟದ ಒಂದು ಬ್ಲಾಕಿಗೆ ನೀರು ಬಿಟ್ಟಾಗ ಸರಿಯಿದ್ದು, ನಾಲ್ಕೂ ಬ್ಲಾಕ್ ತೆರೆದಾಗ ಒತ್ತಡ ಬಿದ್ದರೆ ನೀರು ಬರುವ ದಾರಿ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಮೊದಲ ಅನುಮಾನ ಫಿಲ್ಟರಿನ ಮೇಲೆ. ಅದರ ತಳದ ತಿರುಪು ಸಡಿಲಿಸಿ, ಬಂದದ್ದನ್ನು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಬಿಡಿ. ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ಗೆರೆ ಎಳೆದಂತೆ ಬೇರೆ ಪದರ ನಿಂತರೆ ಅದು ನೀರು. ಕ್ಯಾನಿನಲ್ಲಿ ತಂದು ಸುರಿದ ಡೀಸೆಲ್ಲಿನ ಜೊತೆ ಹೀಗೆ ನೀರೂ ಕಸವೂ ಬರುತ್ತವೆ. ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಜಿಡ್ಡು. ನೀರು ಹೊಕ್ಕರೆ ಉಕ್ಕಿಗೆ ಉಕ್ಕು ಉಜ್ಜುತ್ತದೆ.

ಎರಡನೆಯದು ಗಾಳಿ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದು ನೋಡಿ: ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದೆ, ಆದರೆ ಸೀಳಿನಿಂದ ಹೊರಗೆ ತೊಟ್ಟೂ ಸೋರುವುದಿಲ್ಲ. ಟ್ಯಾಂಕಿನಿಂದ ಡೀಸೆಲ್ ಹೀರುವ ರಬ್ಬರ್ ಪೈಪು ಬಿರಿದರೂ ಹೀಗೇ. ಫಿಲ್ಟರಿನ ನಂತರ ಒಂದು ಪಾರದರ್ಶಕ ಪೈಪಿನ ತುಂಡು ಜೋಡಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳ ಮೆರವಣಿಗೆ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಸೆನ್ಸರ್. ರಾತ್ರಿಯೆಲ್ಲ ನಿಂತ ಗಾಡಿಯ ಕೀಲಿ ಮಾತ್ರ ತಿರುಗಿಸಿ ನೋಡಿದರೆ ರೈಲ್ ಒತ್ತಡ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಅಳೆಯುವ ತಕ್ಕಡಿಯೇ ಸುಳ್ಳು.

ನಾಲ್ಕನೆಯ ಪರೀಕ್ಷೆ ನನಗೆ ಅಚ್ಚುಮೆಚ್ಚು. ಪ್ರತಿ ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲ್ ಟ್ಯಾಂಕಿಗೆ ಹಿಂತಿರುಗುತ್ತದೆ. ಆ ವಾಪಸ್ ಪೈಪುಗಳನ್ನು ಬಿಡಿಸಿ ನಾಲ್ಕಕ್ಕೂ ಒಂದೊಂದು ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಮೂರು ಬಾಟಲಿಯಲ್ಲಿ ಒಂದೇ ಮಟ್ಟ ಏರುತ್ತಾ ನಾಲ್ಕನೆಯದು ಭರಭರನೆ ತುಂಬಿದರೆ ಒತ್ತಡ ಅಲ್ಲಿ ಸೋರುತ್ತಿದೆ. ಎಂಡ್ ಕ್ಯಾಪ್ ಕಳಚಿದ ಲ್ಯಾಟರಲ್ ಅದೇ. ಬೆಳಿಗ್ಗೆ ಸಲೀಸಾಗಿ ಶುರುವಾಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಸೆಲ್ಫ್ ಎಷ್ಟು ಹೊಡೆದರೂ ಏಳದ ಗಾಡಿಯಲ್ಲಿ ಮೊದಲು ಇದನ್ನೇ ನೋಡಬೇಕು. ಬಿಸಿ ಡೀಸೆಲ್ ತೆಳುವಾಗಿ ಸಂದಿಯಲ್ಲಿ ಹೆಚ್ಚು ನುಸುಳುತ್ತದೆ.

ಇಷ್ಟೂ ಸರಿಯಿದ್ದರೆ ಪಂಪಿಗೆ ಡೀಸೆಲ್ ಅಳೆದುಕೊಡುವ ವಾಲ್ವ್, ರೈಲಿನ ತುದಿಯ ಸುರಕ್ಷಾ ವಾಲ್ವ್. ಆಮೇಲೆ ಪಂಪು. ಅಳತೆಯ ವಾಲ್ವ್ ಬಿಚ್ಚಿದಾಗ ಡೀಸೆಲ್ಲಿನಲ್ಲಿ ಬೆಳ್ಳಿಪುಡಿಯಂತೆ ಲೋಹ ಮಿನುಗಿದರೆ ಪಂಪು ಸವೆದಿದೆ. ಆಗ ಪಂಪು ಮಾತ್ರ ಬದಲಿಸಿದರೆ ಸಾಲದು, ಆ ಪುಡಿ ರೈಲು, ಇಂಜೆಕ್ಟರ್‌ಗಳನ್ನೂ ಹೊಕ್ಕಿರುತ್ತದೆ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಹಳೆಯ ಎಂಜಿನ್ನಿನಲ್ಲಿ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವ ರೂಢಿಯಿತ್ತು. ಕಾಮನ್ ರೈಲಿನಲ್ಲಿ ಅದನ್ನು ಎಂದಿಗೂ ಮಾಡಬೇಡಿ, ಸೋರಿಕೆ ಹುಡುಕಲು ಬೆರಳು ಆಡಿಸಲೂಬೇಡಿ. ಕೂದಲಿನಷ್ಟು ಸಣ್ಣ ಧಾರೆ ಚರ್ಮ ತೂರಿ ಮಾಂಸಕ್ಕಿಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಕೊಬ್ಬರಿ ಎಣ್ಣೆಯನ್ನೇ ಟ್ಯಾಂಕಿಗೆ ಬೆರೆಸಬಹುದೇ ಎಂದೂ ಅದೇ ಓದುಗರು ಕೇಳಿದ್ದಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಮಾಗಿಯ ಬೆಳಿಗ್ಗೆ ಬಾಟಲಿಯಲ್ಲಿ ನೀವೇ ನೋಡಿದ್ದೀರಿ. ಕಾದಾಗಲೂ ಡೀಸೆಲ್ಲಿಗಿಂತ ಬಹಳ ಮಂದ. ಈ ಸೂಕ್ಷ್ಮ ಫಿಲ್ಟರಿನಲ್ಲಿ ಅದು ಇಳಿಯುವುದಿಲ್ಲ, ನೀವು ಹುಡುಕುತ್ತಿರುವ ತೊಂದರೆಯನ್ನು ನೀವೇ ತಂದುಕೊಂಡಂತೆ. ಬೇಡ.

ಮುಂದಿನ ಸಲ ಸ್ಕ್ಯಾನರ್ ಹಾಕಿದಾಗ ಕೋಡು ಕೇಳಿ ಸುಮ್ಮನಾಗಬೇಡಿ. ಲೋಡಿನ ಸಮೇತ ಗಾಡಿ ಓಡಿಸುತ್ತಾ ಎರಡು ಅಂಕಿ ಕೇಳಿ: ಎಂಜಿನ್ ಬೇಡಿದ ಒತ್ತಡ ಎಷ್ಟು, ರೈಲಿನಲ್ಲಿ ಸಿಕ್ಕಿದ್ದು ಎಷ್ಟು. ಎರಡೂ ಯಾವ ಏರಿನಲ್ಲಿ ಬೇರೆಯಾದವು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಹೊಸ ಫಿಲ್ಟರ್ ಹಾಕಿಸಿ, ಅದೇ ಹೊರೆ ಹೇರಿ, ಅದೇ ಏರು ಹತ್ತಿಸಿ. ಅಂಕಿಗಳೆರಡೂ ಜೊತೆಜೊತೆಯಾಗಿ ಏರಿದರೆ ಪಂಪಿನ ದುಡ್ಡು ನಿಮ್ಮ ಜೇಬಿನಲ್ಲೇ ಉಳಿಯಿತು.