ಫೋಟೋ ಹೋಗ್ತಾ ಇಲ್ವೇ? ಸೆಟ್ಟಿಂಗ್ ನೀವೇ ನೋಡಿ!

"ಏನೇ, ಬಿ.ಪಿ. ಮಾತ್ರೆ ಈ ಸಲ ಬೇರೆ ಬಣ್ಣದ್ದು ಕೊಟ್ಟಿದ್ದಾರೆ. ಹಳೇದೂ ನಾಲ್ಕು ಉಳಿದಿದೆ. ಎರಡು ದಿನದಿಂದ ಎರಡೂ ತಗೋತಿದ್ದೀನಿ, ಯಾಕೋ ತಲೆ ಸುತ್ತುತ್ತೆ."

ರಾತ್ರಿ ಒಂಬತ್ತಕ್ಕೆ ತಿಪಟೂರಿನಿಂದ ಅಮ್ಮ ಹೀಗೆಂದಾಗ ನನ್ನ ಎದೆ ಧಸಕ್ಕೆಂದಿತು. "ಮಾತ್ರೆ ಶೀಟಿನ ಹಿಂದೆ ಏನು ಬರೆದಿದೆ ಓದಮ್ಮ" ಎಂದೆ. "ಇರುವೆ ಸಾಲಿನ ಹಾಗಿದೆ ಕಣೇ, ಕಾಣಿಸಲ್ಲ." ಹಾಗಾದರೆ ಫೋಟೋ ಕಳಿಸು ಎಂದರೆ, "ಆಗ್ಲೇ ಕಳಿಸಿದೆ, ಸುತ್ತುತ್ತಾನೇ ಇದೆ" ಎಂಬ ಉತ್ತರ!

ಹಿಂದಿನ ವಾರ ಅಮ್ಮನ ಫೋನು ರಿಪೇರಿಗೆ ಹೋಗಿ ಬಂದಿತ್ತು. ಆಮೇಲೆ ಮಾತಾಡಲು ಏನೂ ತೊಂದರೆ ಇರಲಿಲ್ಲ, ಹಾಗಾಗಿ ಯಾರೂ ಬೇರೇನೂ ನೋಡಿರಲಿಲ್ಲ. ಸ್ಪೀಕರ್ ಹಾಕಿಸಿ, ಒಂದೊಂದೇ ಮೆಟ್ಟಿಲು ಹೇಳಿ ಹೇಳಿ, ಅರ್ಧ ಗಂಟೆಯಲ್ಲಿ ಫೋಟೋ ತರಿಸಿಕೊಂಡೆ. ನೋಡಿದರೆ ಎರಡರಲ್ಲೂ ಇದ್ದದ್ದು ಒಂದೇ ಔಷಧಿ, ಕಂಪನಿಯ ಹೆಸರು ಮಾತ್ರ ಬೇರೆ! ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಒಂದನ್ನು ನಿಲ್ಲಿಸಿದ್ದಾಯಿತು.

ಗೆಳತಿಯರೇ, "ಮಗ ಬರಲಿ, ಅವನೇ ನೋಡ್ತಾನೆ" ಎಂದು ನಾವು ಫೋನನ್ನು ಪಕ್ಕಕ್ಕಿಡುತ್ತೇವೆ. ಮಗ ಬರುವವರೆಗೆ ಕಾಯಲಾಗದ ದಿನವೂ ಬರುತ್ತದೆ. ಒಗ್ಗರಣೆ ಹಾಕಲು ಬಂದವರಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ. ಕ್ರಮ ತಿಳಿದಿದ್ದರೆ ಸಾಕು.

ಮೊದಲು ರೀಚಾರ್ಜ್ ನೋಡಿ

ಕರೆ ಹೋಗುತ್ತದೆ ಎಂದ ಮಾತ್ರಕ್ಕೆ ನೆಟ್ ಇದೆ ಎಂದಲ್ಲ. ಮಾತು ಮತ್ತು ಎಸ್ಸೆಮ್ಮೆಸ್‌ಗಷ್ಟೇ ಇರುವ ಪ್ಯಾಕನ್ನೂ ಕೊಡಬೇಕೆಂದು ಟ್ರಾಯ್ ಡಿಸೆಂಬರ್ 2024ರಲ್ಲಿ ಕಂಪನಿಗಳಿಗೆ ಹೇಳಿತು. ನೆಟ್ ಬೇಡದವರಿಗೆ ಒಳ್ಳೆಯದೇ. ಆದರೆ ಅಂಗಡಿಯವರು ನಿಮಗೆ ಅದನ್ನೇ ಹಾಕಿದ್ದರೆ ಫೋಟೋ ಹೋಗುವುದು ಹೇಗೆ? "ಇದರಲ್ಲಿ ಡೇಟಾ ಇದೆಯಾ? ದಿನಕ್ಕೆಷ್ಟು? ಎಷ್ಟು ದಿನ?" ಈ ಮೂರು ಪ್ರಶ್ನೆ ಕೇಳಿಯೇ ದುಡ್ಡು ಕೊಡಿ. ದಿನದ ಡೇಟಾ ಮುಗಿದರೂ ಫೋಟೋ ಸುತ್ತುತ್ತಲೇ ಇರುತ್ತದೆ, ಅದೂ ನೆನಪಿರಲಿ.

ಎರಡು ಸಿಮ್ ಇದೆಯೇ?

ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಮೊಬೈಲ್ ಡೇಟಾ ಆನ್ ಇದೆಯೇ, ವಿಮಾನದ ಗುರುತು ಆಫ್ ಇದೆಯೇ ನೋಡಿ. ಎರಡು ಸಿಮ್ ಇದ್ದರೆ ನೆಟ್ ಯಾವುದರಿಂದ ಬರಬೇಕೆಂದು ಫೋನಿಗೆ ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂದಿರುವ ಕಡೆ ಹೋಗಿ, ಪ್ಯಾಕ್ ಹಾಕಿಸಿದ ಸಿಮ್ಮನ್ನೇ ಡೇಟಾಗೆ ಆರಿಸಿ. ಅಮ್ಮನ ಫೋನಿನಲ್ಲಿ ಆದ ಮೊದಲ ಎಡವಟ್ಟು ಇದೇ. ಡೇಟಾ ಗುರುತು ರೀಚಾರ್ಜೇ ಇಲ್ಲದ ಹಳೆಯ ಸಿಮ್ಮಿನ ಮೇಲಿತ್ತು!

ಇಷ್ಟಾದರೂ ನೆಟ್ ಬರದಿದ್ದರೆ ಡೇಟಾ ಸೇವೆಯೇ ಬಂದ್ ಆಗಿರಬಹುದು. 1925ಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಎಸ್ಸೆಮ್ಮೆಸ್ ಮಾಡಿದರೆ ಶುರುವಾಗುತ್ತದೆ, ಸ್ಟಾಪ್ ಎಂದರೆ ನಿಲ್ಲುತ್ತದೆ.

ಎಪಿಎನ್ ಎಂಬ ವಿಳಾಸ

ನಿಮ್ಮ ಫೋನು ಕಂಪನಿಯ ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗಬೇಕು ಎಂದು ಹೇಳುವುದೇ ಎಪಿಎನ್. ಸಾಮಾನ್ಯವಾಗಿ ಸಿಮ್ ಹಾಕಿದ ಕೂಡಲೇ ತಾನಾಗಿಯೇ ಕೂರುತ್ತದೆ. ಫೋನ್ ರಿಪೇರಿಯಾದಾಗ, ಕಂಪನಿ ಬದಲಿಸಿದಾಗ ಕೆಲವೊಮ್ಮೆ ತಪ್ಪುತ್ತದೆ.

ಸೆಟ್ಟಿಂಗ್ಸ್, ಅದರಲ್ಲಿ ಮೊಬೈಲ್ ನೆಟ್‌ವರ್ಕ್, ಅದರಲ್ಲಿ ಆಕ್ಸೆಸ್ ಪಾಯಿಂಟ್ ನೇಮ್ಸ್. ಅಲ್ಲಿ ಹೊಸದೊಂದನ್ನು ಸೇರಿಸಿ. ಹೆಸರಿನ ಜಾಗದಲ್ಲಿ ನಿಮಗೆ ಇಷ್ಟವಾದದ್ದು ಬರೆಯಿರಿ. ಎಪಿಎನ್ ಜಾಗದಲ್ಲಿ ಮಾತ್ರ ಅಕ್ಷರ ತಪ್ಪಬಾರದು. ಜಿಯೋ ಆದರೆ ಜೆ-ಐ-ಓ-ಎನ್-ಇ-ಟಿ. ಬಿಎಸ್ಸೆನ್ನೆಲ್ ಆದರೆ ಬಿ-ಎಸ್-ಎನ್-ಎಲ್-ಎನ್-ಇ-ಟಿ. ಏರ್‌ಟೆಲ್ ಆದರೆ ಏರ್‌ಟೆಲ್, ಅದಕ್ಕೇ ಅಂಟಿಸಿ ಜಿ-ಪಿ-ಆರ್-ಎಸ್, ಆಮೇಲೆ ಚುಕ್ಕಿ, ಕಾಮ್. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಜಾಗ ಬಿಡಬೇಡಿ. ಯೂಸರ್ ನೇಮ್, ಪಾಸ್‌ವರ್ಡ್ ಖಾಲಿ ಇರಲಿ. ಸೇವ್ ಮಾಡಿ, ಪಕ್ಕದ ಚುಕ್ಕಿ ಒತ್ತಿ ಅದನ್ನೇ ಆರಿಸಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬೇರೆ ಕಂಪನಿಯಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸೆಟ್ಟಿಂಗ್ ಕೇಳಿ ಬರೆದುಕೊಳ್ಳಿ. ಎಷ್ಟು ಹೇಳಿದರೂ ಸರಿಹೋಗದಿದ್ದರೆ ದೂರು ಕೊಡಲು ಇರುವ ನಂಬರ್ 198.

ಎಂಎಂಎಸ್ ಬೇರೆ, ವಾಟ್ಸಾಪ್ ಬೇರೆ

ಇಲ್ಲೇ ನಾವು ಮೋಸ ಹೋಗುವುದು. ಎಸ್ಸೆಮ್ಮೆಸ್ ಬರುವ ಮೆಸೇಜ್ ಪೆಟ್ಟಿಗೆಯಲ್ಲಿ ಫೋಟೋ ಅಂಟಿಸಿದರೆ ಅದು ಎಂಎಂಎಸ್ ಆಗುತ್ತದೆ. ಅದಕ್ಕೆ ಎಂಎಂಎಸ್‌ಸಿ, ಪ್ರಾಕ್ಸಿ, ಪೋರ್ಟ್ ಎಂದು ಬೇರೆಯೇ ಸೆಟ್ಟಿಂಗ್ ಬೇಕು. ಪ್ಯಾಕಿನಲ್ಲಿರುವ ಉಚಿತ ಎಸ್ಸೆಮ್ಮೆಸ್ ಲೆಕ್ಕಕ್ಕೆ ಅದು ಸೇರುವುದಿಲ್ಲ, ಟಾಕ್‌ಟೈಮಿನಿಂದ ದುಡ್ಡು ಹೋಗಬಹುದು. ಕೆಲವು ಫೋನುಗಳಲ್ಲಿ ಹತ್ತು ಜನರಿಗೆ ಒಟ್ಟಿಗೆ ಹಬ್ಬದ ಶುಭಾಶಯ ಕಳಿಸಿದರೂ ಅದು ಎಂಎಂಎಸ್ ಆಗಿಬಿಡುತ್ತದೆ! ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿ ಗ್ರೂಪ್ ಮೆಸೇಜನ್ನು ಎಸ್ಸೆಮ್ಮೆಸ್‌ಗೆ ಬದಲಿಸಿಕೊಳ್ಳಿ.

ವಾಟ್ಸಾಪಿಗೆ ಇದ್ಯಾವುದೂ ಬೇಡ, ನೆಟ್ ಒಂದಿದ್ದರೆ ಸಾಕು. ಕಳಿಸುವಾಗ ಅದು ಫೋಟೋವನ್ನು ಚಿಕ್ಕದು ಮಾಡುವುದರಿಂದ ಡೇಟಾವೂ ಕಡಿಮೆ ಸಾಕು. ಅಮ್ಮ ಆ ರಾತ್ರಿ ಮೊದಲು ಒದ್ದಾಡಿದ್ದು ಮೆಸೇಜ್ ಪೆಟ್ಟಿಗೆಯಲ್ಲಿ, ಪಾಪ.

ಡೇಟಾ ಉಳಿಸಲು

* ವಾಟ್ಸಾಪ್ ಸೆಟ್ಟಿಂಗ್ಸ್, ಸ್ಟೋರೇಜ್ ಆಂಡ್ ಡೇಟಾದಲ್ಲಿ, ಮೊಬೈಲ್ ಡೇಟಾ ಇರುವಾಗ ವಿಡಿಯೋ ತಾನಾಗಿಯೇ ಇಳಿಯುವುದನ್ನು ನಿಲ್ಲಿಸಿ.
* ರಾತ್ರಿ ಮಲಗುವಾಗ ಡೇಟಾ ಆಫ್ ಮಾಡಬಹುದು, ಆದರೆ ಬೆಳಿಗ್ಗೆ ಮರೆಯದೆ ಆನ್ ಮಾಡಿ.
* ಕೇಳದ ಸೇವೆಗೆ ದುಡ್ಡು ಕಡಿತವಾಗುತ್ತಿದ್ದರೆ 155223ಕ್ಕೆ ಫೋನ್ ಮಾಡಿ ನಿಲ್ಲಿಸಿ.

ಎಚ್ಚರ ಇರಲಿ

"ಸಿಮ್ ಬಂದ್ ಆಗುತ್ತೆ, ನೆಟ್ ಸರಿ ಮಾಡಿಕೊಡ್ತೀವಿ, ಓಟಿಪಿ ಹೇಳಿ" ಎಂದು ಯಾರೇ ಕೇಳಿದರೂ ಹೇಳಬೇಡಿ. ಸೆಟ್ಟಿಂಗ್ ಸರಿ ಮಾಡಲು ಬ್ಯಾಂಕಿನ ಓಟಿಪಿ ಯಾಕೆ ಬೇಕು, ಅಲ್ಲವೇ? ಅಪ್ಪಿತಪ್ಪಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಗೊಂದು ಮಾತು. ಇವತ್ತೇ ನಿಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಿಮ್ಮ ಪ್ಯಾಕ್ ಮುಗಿಯುವ ದಿನ, ಎಪಿಎನ್ ಅಕ್ಷರಗಳು ಮತ್ತು 198 ಬರೆದಿಡಿ. ಊರಲ್ಲಿ ಒಂಟಿಯಾಗಿರುವ ಅಮ್ಮನಿಗೋ ಅತ್ತೆಗೋ ದಪ್ಪಕ್ಷರದಲ್ಲಿ ಬರೆದು ಕೊಟ್ಟು, ಎದುರಿಗೆ ಕೂರಿಸಿಕೊಂಡು ಒಂದು ಫೋಟೋ ಅವರ ಕೈಯಿಂದಲೇ ಕಳಿಸಿ ನೋಡಿ.

ನಮ್ಮಮ್ಮ ಈಗ ಹೊಸ ಮಾತ್ರೆ ಬಂದ ದಿನ ಮೊದಲು ಫೋಟೋ ಕಳಿಸುತ್ತಾಳೆ, ಆಮೇಲೆ ನುಂಗುತ್ತಾಳೆ. ದಿನಾ ಬೆಳಿಗ್ಗೆ ರಂಗೋಲಿಯ ಫೋಟೋ ಬೇರೆ. ಅದು ಬಂತೆಂದರೆ ಅಮ್ಮ ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಎಂದು ನನಗೆ ಸಮಾಧಾನ.