ಆಟದ ಬಯಲಿನಲ್ಲಿ ಪತ್ತೇದಾರಿಕೆ

ಪತ್ತೇದಾರಿ ಕಾದಂಬರಿಯನ್ನು ಕಂಡರೆ ಹುಬ್ಬು ಗಂಟಿಕ್ಕುವ ಹಿರಿಯರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದವರು ಕನ್ನಡನಾಡಿನಲ್ಲಿ ಎಷ್ಟೋ ಮಂದಿ. ಆಟದ ಹುಚ್ಚಿನ ವಿಷಯದಲ್ಲಿಯೂ ಹಿರಿಯರ ಅಭಿಪ್ರಾಯ ಬಹಳ ಭಿನ್ನವಾಗಿಲ್ಲ. ಹೀಗಿರಲು ಆಟವನ್ನೂ ಪತ್ತೇದಾರಿಕೆಯನ್ನೂ ಒಂದೇ ರಟ್ಟಿನೊಳಗೆ ಕಟ್ಟಿಕೊಡುವ ಎಳೆಯರ ಕಾದಂಬರಿಗಳ ಪರವಾಗಿ ನಾಲ್ಕು ಮಾತು ಬರೆಯಹೊರಟ ನನ್ನನ್ನು ಅಧ್ಯಾಪಕ ವರ್ಗದವರು ಮನ್ನಿಸಬೇಕು. ಈ ಪುಸ್ತಕಗಳನ್ನು ಕಾಲಹರಣದ ಸರಕೆಂದು ತಳ್ಳಿಹಾಕುವುದು ಸರಿಯಲ್ಲವೆಂಬುದೂ, ಇಂದಿನ ತರುಣರಿಗೆ ಬಹಳ ಅಗತ್ಯವಾದ ಒಂದು ವಿವೇಕವನ್ನು ಇವು ಕಲಿಸುತ್ತವೆಂಬುದೂ ನನ್ನ ವಾದ.

ಮೊದಲಿಗೆ, ಈ ಎರಡಕ್ಕೂ ನಂಟು ಹೇಗೆ ಬಂತು ಎಂಬುದನ್ನು ನೋಡೋಣ. ಆಟಕ್ಕೆ ನಿಯಮಗಳುಂಟು, ಪತ್ತೇದಾರಿ ಕಥೆಗೂ ಉಂಟು. ಸುಳಿವುಗಳನ್ನೆಲ್ಲ ಓದುಗನ ಕಣ್ಣೆದುರಿಗೇ ಇಟ್ಟು ಆಮೇಲೆ ಅವನನ್ನು ಸೋಲಿಸುವುದು ಕಥೆಗಾರನ ಧರ್ಮ; ಮುಚ್ಚಿಟ್ಟು ಸೋಲಿಸಿದರೆ ಅದು ಮೋಸ. ಎರಡರಲ್ಲಿಯೂ ಕೊನೆ ಏನೆಂಬುದು ಮೊದಲೇ ತಿಳಿದುಬಿಟ್ಟರೆ ಸ್ವಾರಸ್ಯವೇ ಹೋಯಿತು. ಹಣಕ್ಕಾಗಿ ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವವನು ಮಾಡುವುದಾದರೂ ಏನು? ಸಾವಿರಾರು ಜನ ಮೊದಲ ಪುಟದಿಂದ ಓದುತ್ತಿರುವಾಗ ಅವನೊಬ್ಬನು ಕೊನೆಯ ಪುಟವನ್ನು ತಾನೇ ಬರೆದು ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ಆದುದರಿಂದಲೇ ಕ್ರೀಡಾ ರಹಸ್ಯ ಕಥೆಗಳಲ್ಲಿ ಕೊಲೆಯಿಲ್ಲದಿದ್ದರೂ ಅಪರಾಧಕ್ಕೆ ಕೊರತೆಯಿಲ್ಲ. ಅಲ್ಲಿ ಕೊಲೆಯಾಗುವುದು ನೋಡುಗರ ನಂಬಿಕೆ.

ಈ ಜಾತಿಯ ಕಥೆಗಳ ಮೂಲವನ್ನು ಹುಡುಕುತ್ತ ಹೋದರೆ ಆರ್ಥರ್ ಕಾನನ್ ಡಾಯ್ಲ್‌ನ ಷೆರ್ಲಾಕ್ ಹೋಮ್ಸ್ ಎದುರಾಗುತ್ತಾನೆ. ಮಕ್ಕಳಿಗಾಗಿಯೇ ಬರೆದ ಕಥೆಗಳು ಇವಲ್ಲವಾದರೂ ಲೋಕದ ಮಕ್ಕಳೆಲ್ಲ ಓದಿರುವಂಥವು. 1892ರಲ್ಲಿ ಪ್ರಕಟವಾದ ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ದೊಡ್ಡ ಪಂದ್ಯಕ್ಕೆ ಮೊದಲು ಪ್ರಸಿದ್ಧ ಓಟದ ಕುದುರೆಯೊಂದು ಮಾಯವಾಗುತ್ತದೆ. ಅದನ್ನು ಪಳಗಿಸುವ ತರಬೇತುದಾರನು ಹೆಣವಾಗಿ ಬಿದ್ದಿರುತ್ತಾನೆ. ಆ ರಾತ್ರಿ ಲಾಯದ ನಾಯಿ ಬೊಗಳಲಿಲ್ಲ ಎಂಬುದು ಹೋಮ್ಸನಿಗೆ ದೊರೆತ ಸುಳಿವು. ಬಂದವನು ಪರಿಚಿತನೇ ಆಗಿದ್ದನು! ತರಬೇತುದಾರನೇ ಕುದುರೆಯ ಕಾಲಿನ ಸ್ನಾಯುವನ್ನು ಹೊರಗೆ ಕಾಣದಂತೆ ಗೀರಿ ಅದು ಸೋಲುವಂತೆ ಮಾಡಲು ಹೊರಟಿದ್ದನು. ಅದಕ್ಕಾಗಿ ಮೊದಲು ಕುರಿಗಳ ಮೇಲೆ ಕೈ ಪಳಗಿಸಿಕೊಂಡಿದ್ದನು. ಕೆಲವು ಕುರಿಗಳು ಕುಂಟತೊಡಗಿದ್ದವೆಂಬ ಸಣ್ಣ ಸಂಗತಿಯಿಂದ ಹೋಮ್ಸ್ ಇದನ್ನು ಊಹಿಸುತ್ತಾನೆ. ತರಬೇತುದಾರನನ್ನು ಕೊಂದದ್ದು ಕುದುರೆಯ ಒದೆತ.

ಇದರ ಪಕ್ಕದಲ್ಲಿ 1904ರ ಇನ್ನೊಂದು ಕಥೆಯನ್ನಿಟ್ಟು ನೋಡಬೇಕು. ಆಕ್ಸ್‌ಫರ್ಡ್ ತಂಡದೊಡನೆ ನಡೆಯಬೇಕಾದ ರಗ್ಬಿ ಪಂದ್ಯಕ್ಕೆ ಮೊದಲು ಕೇಂಬ್ರಿಜ್ ತಂಡದ ಮುಖ್ಯ ಆಟಗಾರನು ಕಾಣೆಯಾಗುತ್ತಾನೆ. ಜೂಜುಕೋರರ ಕೈವಾಡವೇ, ಹಣಕ್ಕಾಗಿ ಅಪಹರಣವೇ ಎಂಬ ಅನುಮಾನಗಳು ಏಳುತ್ತವೆ. ಹೋಮ್ಸ್ ಜಾಡು ಹಿಡಿದು ಹೋದಾಗ ಕಾಣುವುದು ಒಂದು ಹಳ್ಳಿಯ ಮನೆ, ಅಲ್ಲಿ ಆಗತಾನೆ ತೀರಿಕೊಂಡ ತರುಣಿ, ಅವಳ ಹಾಸಿಗೆಯ ಬಳಿ ಅಳುತ್ತಿರುವ ಆಟಗಾರ. ಅವಳು ಅವನು ಗುಟ್ಟಾಗಿ ಮದುವೆಯಾಗಿದ್ದ ಹೆಂಡತಿ. ಅಲ್ಲಿ ಅಪರಾಧವೇ ಇರಲಿಲ್ಲ!

ಈ ಎರಡು ಕಥೆಗಳು ಸೇರಿ ಹೇಳುವ ಮಾತು ಸಣ್ಣದಲ್ಲ. ಒಂದರಲ್ಲಿ ಎಲ್ಲರೂ ನಂಬಿದವನೇ ದ್ರೋಹಿ. ಇನ್ನೊಂದರಲ್ಲಿ ಎಲ್ಲರ ಅನುಮಾನಕ್ಕೂ ಆಧಾರವಿಲ್ಲ. ಕುರುಡು ನಂಬಿಕೆಯೂ ಸಲ್ಲದು, ಕುರುಡು ಅನುಮಾನವೂ ಸಲ್ಲದು. ಮುಂದೆ ಬಂದ ಎಳೆಯರ ಕ್ರೀಡಾ ರಹಸ್ಯ ಕಾದಂಬರಿಗಳು ಈ ಎರಡು ದಡಗಳ ನಡುವೆಯೇ ಹರಿದಿವೆ.

ನಮ್ಮ ಕಾಲದಲ್ಲಿ ಈ ಪ್ರಕಾರಕ್ಕೆ ಹೆಚ್ಚಿನ ಗೌರವ ತಂದುಕೊಟ್ಟವನು ಅಮೆರಿಕದ ಜಾನ್ ಫೈನ್‌ಸ್ಟೈನ್. 2025ರಲ್ಲಿ ನಿಧನನಾದ ಈತನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಕ್ರೀಡಾ ವರದಿಗಾರನಾಗಿ ಹೆಸರು ಮಾಡಿದವನು. 2005ರಲ್ಲಿ ಪ್ರಕಟವಾದ ಈತನ ‘ಲಾಸ್ಟ್ ಷಾಟ್’ ಕಾದಂಬರಿಗೆ ಮರುವರ್ಷ, ತರುಣರಿಗಾಗಿ ಬರೆದ ರಹಸ್ಯ ಕಥೆಗಳಿಗೆ ಸಲ್ಲುವ ಎಡ್ಗರ್ ಪ್ರಶಸ್ತಿ ದೊರೆಯಿತು. ಸ್ಟೀವಿ ಥಾಮಸ್, ಸುಸಾನ್ ಕ್ಯಾರಲ್ ಆ್ಯಂಡರ್‌ಸನ್ ಎಂಬ ಇಬ್ಬರು ಶಾಲಾ ಮಕ್ಕಳು ಬರವಣಿಗೆಯ ಸ್ಪರ್ಧೆಯೊಂದರಲ್ಲಿ ಗೆದ್ದು, ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆಯುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಕೊನೆಯ ಸುತ್ತನ್ನು ವರದಿಮಾಡಲು ಹೋಗುತ್ತಾರೆ. ಅಂತಿಮ ಪಂದ್ಯವನ್ನು ಬೇಕೆಂದೇ ಸೋಲಬೇಕೆಂದು ಪ್ರಮುಖ ಆಟಗಾರನೊಬ್ಬನನ್ನು ಯಾರೋ ಬೆದರಿಸುತ್ತಿರುವುದು ಅವರ ಕಿವಿಗೆ ಬೀಳುತ್ತದೆ. ಬೆದರಿಸುವವರು ಯಾರು, ಏತಕ್ಕಾಗಿ ಎಂಬುದನ್ನು ಕಂಡುಹಿಡಿಯಲು ಉಳಿದಿರುವುದು 48 ಗಂಟೆ.

ಈ ಮಕ್ಕಳ ಕೈಯಲ್ಲಿ ಪಿಸ್ತೂಲಿಲ್ಲ, ಅಧಿಕಾರವೂ ಇಲ್ಲ. ಇರುವುದು ಪತ್ರಕರ್ತರಿಗೆ ಕೊಡುವ ಒಂದು ಚೀಟಿ, ಒಂದು ಲೇಖನಿ. ಕೇಳಿದ್ದನ್ನು ಯಾರೂ ನಂಬಲಾರರೆಂದು ಅವರಿಗೆ ಗೊತ್ತು. ಆದುದರಿಂದ ಪ್ರಶ್ನೆ ಕೇಳಬೇಕು, ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನೊಡನೆ ಹೋಲಿಸಬೇಕು, ಬರೆದಿಟ್ಟುಕೊಳ್ಳಬೇಕು. ಇಷ್ಟು ಸಾಲದೆಂಬಂತೆ ಸುಸಾನ್ ಡ್ಯೂಕ್ ವಿಶ್ವವಿದ್ಯಾಲಯದ ತಂಡದ ಕಟ್ಟಾ ಅಭಿಮಾನಿ. ಆ ಆಟಗಾರನು ಸೋಲಬೇಕಾದದ್ದು ಅದೇ ತಂಡದೆದುರಿಗೆ. ತನ್ನ ತಂಡ ಗೆಲ್ಲಲೆಂಬ ಆಸೆ ಒಂದು ಕಡೆ, ಗೆಲುವು ಕದ್ದದ್ದಾಗಬಾರದೆಂಬ ನ್ಯಾಯಬುದ್ಧಿ ಇನ್ನೊಂದು ಕಡೆ. ನಮ್ಮ ಕಾಲೇಜಿನ ತಂಡದ ಪರವಾಗಿ ಗಂಟಲು ಹರಿಯುವಂತೆ ಕೂಗಿದ ಯಾರಿಗೇ ಆಗಲಿ ಈ ಸಂಕಟದ ಬೆಲೆ ತಿಳಿಯುತ್ತದೆ.

ಈ ಮಕ್ಕಳನ್ನೇ ಮುಂದಿಟ್ಟುಕೊಂಡು ಫೈನ್‌ಸ್ಟೈನ್ ಮುಂದೆಯೂ ಬರೆದನು. 2006ರ ‘ವ್ಯಾನಿಷಿಂಗ್ ಆ್ಯಕ್ಟ್’ನಲ್ಲಿ ಅಮೆರಿಕದ ಟೆನಿಸ್ ಪಂದ್ಯಾವಳಿಗೆ ಬಂದ ರಷ್ಯನ್ ಆಟಗಾರ್ತಿಯೊಬ್ಬಳು ಅಂಗಣಕ್ಕೆ ಹೋಗುವ ದಾರಿಯಲ್ಲಿಯೇ ಕಾಣೆಯಾಗುತ್ತಾಳೆ, ಮರುವರ್ಷದ ‘ಕವರ್-ಅಪ್’ನಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯ ಫಲಿತಾಂಶಗಳನ್ನು ಮುಚ್ಚಿಡಲಾಗುತ್ತದೆ. ಇನ್ನೂ ಚಿಕ್ಕ ಮಕ್ಕಳಿಗಾಗಿ ಡೇವಿಡ್ ಕೆಲ್ಲಿ ಎಂಬಾತನು 2011ರಿಂದ ಬೇಸ್‌ಬಾಲ್ ಮೈದಾನಗಳ ರಹಸ್ಯಮಾಲೆಯೊಂದನ್ನು ಬರೆದಿದ್ದಾನೆ. ಅದರ ಮೊದಲ ಪುಸ್ತಕದಲ್ಲಿ ಕಳುವಾಗುವುದು ಒಬ್ಬ ಆಟಗಾರನ ಅದೃಷ್ಟದ ದಾಂಡು. ಓದುಗನ ವಯಸ್ಸಿಗೆ ತಕ್ಕಂತೆ ಅಪರಾಧದ ತೂಕ!

ಇವೆಲ್ಲ ಕಟ್ಟುಕಥೆಯಷ್ಟೆ ಎಂದು ಯಾರಾದರೂ ಹೇಳಬಹುದು. ಆದರೆ ಇಂಥ ಕಥೆಗಳ ಹಿಂದೆ ನಿಜವಾದ ಇತಿಹಾಸವಿದೆ. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಅಮೆರಿಕದ ಎರಡು ದೊಡ್ಡ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗಳನ್ನು ಒಂದೇ ವರ್ಷದಲ್ಲಿ ಗೆದ್ದಿತು. ಮರುವರ್ಷ ಆ ತಂಡದ ಆಟಗಾರರೇ ಬಂಧಿತರಾದರು. ಅವರ ಮೇಲಿದ್ದ ಆರೋಪದ ಬಗೆ ವಿಚಿತ್ರವಾದದ್ದು. ಜೂಜುಕೋರರು ಪಣ ಕಟ್ಟುವುದು ಗೆಲುವಿನ ಮೇಲಷ್ಟೇ ಅಲ್ಲ, ಗೆಲುವಿನ ಅಂತರದ ಮೇಲೂ. ಹತ್ತು ಅಂಕಗಳಿಂದ ಗೆಲ್ಲಬಲ್ಲ ತಂಡ ನಾಲ್ಕೇ ಅಂಕಗಳಿಂದ ಗೆದ್ದರೂ ಅವರ ಕೆಲಸವಾಗುತ್ತದೆ. ಆಟಗಾರನು ಒಂದೆರಡು ಸಲ ಗುರಿ ತಪ್ಪಿದರೆ ಸಾಕು. ನೋಡುವವರು ಗೆಲುವಿಗೆ ಚಪ್ಪಾಳೆ ತಟ್ಟಿಯೇ ಮನೆಗೆ ಹೋಗುತ್ತಾರೆ.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಕ್ರಿಕೆಟಿನದು. 2010ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಇಬ್ಬರು ಬೌಲರುಗಳು ಹಣದ ವ್ಯವಹಾರಕ್ಕೆ ಒಳಪಟ್ಟು ಮೂರು ನೋ ಬಾಲ್‌ಗಳನ್ನು ಎಸೆದರು. ಅವರಲ್ಲಿ ಒಬ್ಬನಾದ ಮೊಹಮ್ಮದ್ ಆಮಿರ್‌ನಿಗೆ ಆಗ 18 ವರ್ಷ. ನಮ್ಮ ಕಿರಿಯ ತರಗತಿಯ ವಿದ್ಯಾರ್ಥಿಯ ವಯಸ್ಸು. 2011ರಲ್ಲಿ ಆತನೂ ಇನ್ನೊಬ್ಬ ಬೌಲರನೂ ತಂಡದ ನಾಯಕನೂ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಇಲ್ಲಿ ವಿಚಾರಮಾಡಬೇಕಾದುದು ಒಂದುಂಟು. ನೋ ಬಾಲ್ ಎಂಬುದು ತಾನೇ ಯಾವ ಅಪರಾಧಕ್ಕೂ ಸಾಕ್ಷಿಯಲ್ಲ. ಪ್ರಾಮಾಣಿಕನ ಕಾಲೂ ಗೆರೆ ದಾಟುತ್ತದೆ. ಅವು ಯಾವ ಯಾವ ಎಸೆತಗಳಲ್ಲಿ ಬರುತ್ತವೆಂಬುದನ್ನು ಮಧ್ಯವರ್ತಿಯು ವೇಷಮರೆಸಿಕೊಂಡಿದ್ದ ಪತ್ರಕರ್ತನಿಗೆ ಮೊದಲೇ ಹೇಳಿದ್ದನೆಂಬುದೇ ಪುರಾವೆಯಾಯಿತು. ಕೊನೆಯ ಪುಟವನ್ನು ಜೇಬಿನಲ್ಲಿಟ್ಟುಕೊಂಡವನು ಸಿಕ್ಕಿಬೀಳುವುದು ಹೀಗೆಯೇ.

ಇಂದು ಒಂದು ಕ್ಯಾಚು ಕೈಜಾರಿದರೆ ಸಾಕು, ‘ದುಡ್ಡು ತಿಂದಿದ್ದಾನೆ’ ಎಂಬ ತೀರ್ಪು ನಮ್ಮ ಹಾಸ್ಟೆಲಿನ ದೂರದರ್ಶನದ ಮುಂದೆ ಅರೆಕ್ಷಣದಲ್ಲಿ ಹೊರಬೀಳುತ್ತದೆ. ಹೀಗೆ ಹೇಳುವವನು ತನ್ನನ್ನು ಜಾಣನೆಂದು ತಿಳಿದಿರುತ್ತಾನೆ. ಆದರೆ ಅನುಮಾನಪಡಲು ಜಾಣತನ ಬೇಡ. ಅನುಮಾನಕ್ಕೂ ಪುರಾವೆಗೂ ನಡುವಿನ ದಾರಿಯನ್ನು ನಡೆಯಲು ಬೇಕು. ಆ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ ತೋರಿಸುವುದೇ ಈ ಕಾದಂಬರಿಗಳ ದೊಡ್ಡ ಉಪಕಾರವೆಂದು ನನ್ನ ನಂಬಿಕೆ.

ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಜೋಡಿಯ ಮಕ್ಕಳಿಗೆ ಹೋದಹೋದ ಪಂದ್ಯಾವಳಿಯಲ್ಲೆಲ್ಲ ಒಳಸಂಚು ಎದುರಾಗುವುದು ನಂಬಲು ಕಷ್ಟ. ಫೈನ್‌ಸ್ಟೈನನು ನಿಜವಾದ ತರಬೇತುದಾರರನ್ನೂ ಪತ್ರಕರ್ತರನ್ನೂ ಹೆಸರು ಸಹಿತ ಪಾತ್ರಗಳನ್ನಾಗಿಸಿದ್ದಾನೆ. ಅಮೆರಿಕದ ಹುಡುಗನಿಗೆ ಇದು ಹಬ್ಬ, ನಮಗೆ ಬರಿಯ ಹೆಸರುಗಳ ಸಂತೆ. ಪಂದ್ಯದ ವರ್ಣನೆ ಉದ್ದವಾದಾಗ ರಹಸ್ಯವು ಬದಿಗೆ ಸರಿದು ಕುಳಿತುಕೊಳ್ಳುವುದೂ ಉಂಟು. ಆಟದ ನಿಯಮದಿಂದಲೇ ಸುಳಿವು ಹುಟ್ಟಿದಾಗ ಮಾತ್ರ ಈ ಪ್ರಕಾರ ತನ್ನ ಪೂರ್ಣ ಶಕ್ತಿಯನ್ನು ತೋರುತ್ತದೆ.

ಆ ದೃಷ್ಟಿಯಿಂದ ನೋಡಿದರೆ ನಮ್ಮ ಕಬಡ್ಡಿಯಂಥ ಆಟ ಕಥೆಗಾರನಿಗೆ ಚಿನ್ನದ ಗಣಿ. 30 ಸೆಕೆಂಡುಗಳ ದಾಳಿ; ಧೂಳಿನ ನಡುವೆ ಒಂದು ಬೆರಳ ತುದಿ ಇನ್ನೊಬ್ಬನ ಅಂಗಿಗೆ ತಗುಲಿತೋ ಇಲ್ಲವೋ ಎಂಬುದು ಅಂಪೈರಿನ ಕಣ್ಣಿಗೆ ಬೀಳದೆ ಹೋಗಬಹುದು. ಅದು ಖಚಿತವಾಗಿ ಗೊತ್ತಿರುವುದು ಮುಟ್ಟಿದವನಿಗೆ ಮತ್ತು ಮುಟ್ಟಿಸಿಕೊಂಡವನಿಗೆ ಮಾತ್ರ. ಆ ಇಬ್ಬರೂ ಸುಮ್ಮನಿದ್ದರೆ? ಒಬ್ಬನು ಮಾತ್ರ ಕೈಯೆತ್ತಿ ಹೊರನಡೆದರೆ? ಇಲ್ಲಿಂದ ಒಂದು ಒಳ್ಳೆಯ ಕನ್ನಡ ಕಾದಂಬರಿ ಆರಂಭವಾಗಬಹುದು. ಆಟ ಬಲ್ಲವರೂ ಬರೆಯಬಲ್ಲವರೂ ನಮ್ಮ ಕಾಲೇಜಿನಲ್ಲಿ ಇದ್ದಾರೆ. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಲು ಹೊರಟರೆ ಅದರ ಮೊದಲ ಓದುಗನಾಗಲು ನಾನು ಸಿದ್ಧನಿದ್ದೇನೆ.