ರಕ್ತ ತಾಗದ ಕಾಗದ

2002ರ ಸೆಪ್ಟೆಂಬರ್ 24ರಂದು ಇಬ್ಬರು ಬಂದೂಕುಧಾರಿಗಳು ಗುಜರಾತಿನ ಗಾಂಧಿನಗರದ ಅಕ್ಷರಧಾಮ ದೇವಾಲಯಕ್ಕೆ ನುಗ್ಗಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಕಮಾಂಡೊಗಳ ಗುಂಡಿಗೆ ತಾವೂ ಸತ್ತರು. ಸತ್ತವರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದವು ಎಂದು ಪೊಲೀಸರು ಉರ್ದು ಪತ್ರಗಳನ್ನು ಹಾಜರುಪಡಿಸಿದರು. ಈ ಪತ್ರಗಳನ್ನೂ ತಪ್ಪೊಪ್ಪಿಗೆಗಳನ್ನೂ ನಂಬಿ ಭಯೋತ್ಪಾದನೆ ತಡೆ ಕಾಯ್ದೆಯ (ಪೋಟಾ) ನ್ಯಾಯಾಲಯ ಆರು ಮಂದಿಗೆ ಶಿಕ್ಷೆ ಕೊಟ್ಟಿತು, ಅವರಲ್ಲಿ ಮೂವರಿಗೆ ಗಲ್ಲು. 2010ರಲ್ಲಿ ಹೈಕೋರ್ಟ್ ಕೂಡ ಒಪ್ಪಿತು. ಆದರೆ ಬಟ್ಟೆ ತುಂಬ ಗುಂಡಿನ ತೂತು, ರಕ್ತ. ಜೇಬಿನೊಳಗಿನ ಕಾಗದಕ್ಕೆ ಮಾತ್ರ ಒಂದು ಕಲೆಯಿಲ್ಲ, ಹರಕಿಲ್ಲ. 2014ರ ಮೇ 16ರಂದು, ದೇಶವೆಲ್ಲ ಚುನಾವಣಾ ಫಲಿತಾಂಶದಲ್ಲಿ ಮುಳುಗಿದ್ದಾಗ, ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಖುಲಾಸೆ ಮಾಡಿತು. ತೀರ್ಪು ಬರೆದವರು ಚಿಂತಾಮಣಿಯವರಾದ ನ್ಯಾಯಮೂರ್ತಿ ವಿ. ಗೋಪಾಲಗೌಡ.

ಉಗ್ರವಾದದ ಕೇಸಿನಲ್ಲಿ ಆರೋಪಿಯ ಪರ ನಿಲ್ಲುವ ವಕೀಲನ ಬದುಕೆಂದರೆ ಬಹುಪಾಲು ಇಂಥ ಕಾಗದಗಳ ಮುಂದೆ ಕೂರುವುದೇ. ಸಾವಿರಾರು ಪುಟದ ಚಾರ್ಜ್‌ಶೀಟು, ಹೆಸರು ಮರೆಮಾಡಿದ ಸಾಕ್ಷಿಗಳು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಲ್ಲಿ (ಯುಎಪಿಎ) ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೂ ಸಾಕು, ಜಾಮೀನು ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟದ ಕೋರ್ಟುಗಳಲ್ಲಿ ಜಮೀನು ತಕರಾರು, ಚೆಕ್ ಬೌನ್ಸ್ ನಡೆಸುವ ವಕೀಲರಿಗೆ ಇದು ದೂರದ ಲೋಕ. ಇಂಥ ಕೇಸು ನಡೆಸುವ ಎನ್‌ಐಎ ವಿಶೇಷ ನ್ಯಾಯಾಲಯ ಇರುವುದು ಬೆಂಗಳೂರಿನಲ್ಲಿ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲೇ ‘ಅಂಥವನ ಪರ ನಿಂತೆಯಾ’ ಎಂಬ ಮಾತಿನ ಪೆಟ್ಟು ಹೆಚ್ಚು. 2020ರಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯಿಸಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಎಂದು ಹೈಕೋರ್ಟೇ ಹೇಳಬೇಕಾಯಿತು. ಇಂಥ ನಿರ್ಣಯಗಳಿಗೆ ಕಾನೂನಿನ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸಾರಿತ್ತು; ಬಂಧಿತನಿಗೆ ವಕೀಲನ ನೆರವಿನ ಹಕ್ಕು ಕೊಡುವ ಸಂವಿಧಾನದ 22ನೇ ವಿಧಿಯನ್ನು ವಕೀಲರಿಗೇ ನೆನಪಿಸಬೇಕಾದದ್ದು ವಿಚಿತ್ರ.

ನಿಜವಾದ ಕೊಲೆಗಾರನೂ ಹೀಗೆ ತಪ್ಪಿಸಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ಹಗುರದ್ದಲ್ಲ. ಆದರೆ ಮುಂಬೈ ದಾಳಿಯ ಕಸಬ್‌ನಿಗೂ ವಕೀಲರಿದ್ದರು. ಸುಪ್ರೀಂ ಕೋರ್ಟಿನಲ್ಲಿ ರಾಜು ರಾಮಚಂದ್ರನ್ ಅವನ ಪರ ವಾದಿಸಿದರು. 2012ರಲ್ಲಿ ಅವನಿಗೆ ಗಲ್ಲಾಯಿತು, ತೀರ್ಪಿಗೆ ತೂಕವೂ ಬಂತು. ಸಾಕ್ಷ್ಯ ಗಟ್ಟಿಯಿದ್ದರೆ ಪಾಟೀಸವಾಲನ್ನು ತಡೆದುಕೊಳ್ಳುತ್ತದೆ. ಸತ್ತವರ ಮನೆಯವರ ಗತಿಯೇನು ಎನ್ನುವವರು ಅಕ್ಷರಧಾಮದ ತೀರ್ಪಿನ ಕೊನೆಯ ಭಾಗ ಓದಬೇಕು: ನಿಜವಾದ ಅಪರಾಧಿಗಳನ್ನು ಹಿಡಿಯುವ ಬದಲು ಪೊಲೀಸರು ಅಮಾಯಕರನ್ನು ಸಿಕ್ಕಿಸಿದರೆಂದು ಪೀಠ ನೊಂದು ಬರೆದಿದೆ. ಅಷ್ಟರಲ್ಲಿ ಗಲ್ಲಿನ ಶಿಕ್ಷೆಯಾದವರು ಜೈಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಳೆದಿದ್ದರು.